ಬೀಟಾದಲ್ಲಿ ಪಿ-ವ್ಯಾಲ್ಯೂ ಬದಲಾಯ್ತು, ಇದು ಬಗ್ಗಾ?

ಪ್ರಶ್ನೆ: ನಮಸ್ತೆ ಸರ್, ನಾನು ಬಯಾಲಜಿಯಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಮೂರನೇ ವರ್ಷ. ನಮ್ಮ ಲ್ಯಾಬಲ್ಲಿ ಮೊದಲಿಂದ್ಲೂ ಬಳಸ್ತಿರೋ ಡೇಟಾ ಅನಾಲಿಸಿಸ್ ಸಾಫ್ಟ್‌ವೇರ್‌ನ ಹೊಸ ವರ್ಷನ್ ಬರ್ತಿದೆ, ಅದರ ಬೀಟಾ ಟೆಸ್ಟ್ (ಬಿಡುಗಡೆಗೆ ಮುಂಚಿನ ಪರೀಕ್ಷೆ) ಮಾಡಿಕೊಡಿ ಅಂತ ಡೆವಲಪರ್‌ಗಳು ನಮಗೂ ಲಿಂಕ್ ಕಳಿಸಿದ್ದಾರೆ. ನಾನು ಪ್ರೋಗ್ರಾಮರ್ ಅಲ್ಲ, ಮೆನು ಒತ್ತಿ ಕೆಲಸ ಮಾಡೋಳು. ಸುಮ್ನೆ ಹಳೇ ಡೇಟಾ ಒಂದು ಹಾಕಿ ನೋಡ್ದೆ, ಎರಡು ಗುಂಪು, ಒಂದೊಂದ್ರಲ್ಲಿ 10 ಸ್ಯಾಂಪಲ್, ಎರಡ್ರ ಸರಾಸರಿ ಹೋಲಿಸೋ ಸಾದಾ ಟಿ-ಟೆಸ್ಟ್. ಹಳೇ ವರ್ಷನ್‌ನಲ್ಲಿ ಪಿ (ನಿಜವಾದ ವ್ಯತ್ಯಾಸ ಇಲ್ದೇ ಇದ್ರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೋ ಸಾಧ್ಯತೆ, 0.05ಕ್ಕಿಂತ ಕಡಿಮೆ ಇದ್ರೆ ಸಾಮಾನ್ಯವಾಗಿ ಫಲಿತಾಂಶನ ಲೆಕ್ಕಕ್ಕೆ ತಗೋತೀವಿ) 0.048 ಬಂದಿತ್ತು, ಬೀಟಾದಲ್ಲಿ 0.053 ಬಂತು. ಪಿ ಲೆಕ್ಕಕ್ಕೆ ಆಧಾರವಾಗೋ ಟಿ ಅನ್ನೋ ಸಂಖ್ಯೆ ಮಾತ್ರ ಎರಡ್ರಲ್ಲೂ 2.12 ಅಂತಾನೇ ಇದೆ. ಗೈಡ್‌ಗೆ ಹೇಳಿದ್ರೆ "ಅದನ್ನ ಮುಟ್ಟಬೇಡ, ಡಿಲೀಟ್ ಮಾಡು" ಅಂದ್ರು. ಇದು ಬಗ್ಗಾ? ರಿಪೋರ್ಟ್ ಮಾಡ್ಲಾ? ಮತ್ತೆ ಬೀಟಾ ಟೆಸ್ಟಿಂಗ್ ಅಂದ್ರೆ ನನ್ನಂಥೋರು ನಿಜವಾಗ್ಲೂ ಏನು ಮಾಡ್ಬೇಕು?

ಉತ್ತರ: ಮೊದಲು ಒಂದು ಮಾತು, ಟಿ ಎರಡ್ರಲ್ಲೂ ಒಂದೇ ಇದೆ ಅಂತ ಬರೆದ್ರಲ್ಲ, ತುಂಬಾ ಒಳ್ಳೇದಾಯ್ತು. ಎಷ್ಟೋ ಜನ ಬರೀ ಪಿ ನೋಡಿ ಹೌಹಾರಿ ಬರೀತಾರೆ, ಬೇರೆ ಏನೂ ಹೇಳಲ್ಲ, ಆಮೇಲೆ ಹತ್ತು ಸಲ ವಾಪಸ್ ಕೇಳ್ಬೇಕಾಗತ್ತೆ. ನಿಮ್ಮ ಆ ಒಂದು ಸಾಲಲ್ಲೇ ಅರ್ಧ ಉತ್ತರ ಇದೆ, ಆದ್ರೆ ಅದಕ್ಕೆ ಕೊನೇಲಿ ಬರ್ತೀನಿ, ಯಾಕಂದ್ರೆ ಅಲ್ಲಿಗೆ ಹೇಗೆ ತಲುಪೋದು ಅನ್ನೋದೇ ನೀವು ಕೇಳಿರೋ ಬೀಟಾ ಟೆಸ್ಟಿಂಗ್.

ನಿಮ್ಮ ಗೈಡ್ ಹೇಳಿದ್ರಲ್ಲಿ ಅರ್ಧ ಸರಿ ಇದೆ. ಬೀಟಾನ ಕೆಲಸದ ವರ್ಷನ್ ಮೇಲೇನೇ ಇನ್‌ಸ್ಟಾಲ್ ಮಾಡೋದು, ಪೇಪರ್‌ಗೆ ಹೋಗೋ ನಂಬರನ್ನ ಅದರಿಂದ ತೆಗೆಯೋದು, ಎರಡೂ ಮಾಡ್ಲೇಬಾರ್ದು. ನಾನೇ ಕೈ ಸುಟ್ಕೊಂಡಿದೀನಿ. ಸುಮಾರು ವರ್ಷದ ಹಿಂದೆ ಒಂದು ಪ್ಯಾಕೇಜಿನ ಬೀಟಾ (ಹೆಸರು ಬೇಡ) ಹಾಕಿ, ಹೇಗಿದೆ ನೋಡೋಣ ಅಂತ ನಡೀತಿರೋ ಪ್ರಾಜೆಕ್ಟ್ ಫೈಲನ್ನೇ ಅದರಲ್ಲಿ ಓಪನ್ ಮಾಡ್ದೆ, ಮುಚ್ಚುವಾಗ ಸೇವ್ ಮಾಡ್ಲಾ ಅಂತ ಕೇಳ್ತು, ಬೆರಳು ಅಭ್ಯಾಸಬಲದಿಂದ ಎಸ್ ಒತ್ತಿಬಿಡ್ತು, ಅಷ್ಟೇ, ಫೈಲ್ ಹೊಸ ಫಾರ್ಮ್ಯಾಟ್‌ಗೆ ಬದಲಾಗಿ ಹಳೇ ವರ್ಷನ್‌ನಲ್ಲಿ ತೆರೆಯೋದೇ ಇಲ್ಲ ಅಂತ ಕೂತ್ಕೊಂತು. ಎರಡು ವಾರದ ಕೆಲಸ ಮತ್ತೆ ಮಾಡ್ಬೇಕಾಯ್ತು. ತಪ್ಪು ಸಾಫ್ಟ್‌ವೇರ್‌ದಲ್ಲ, ಎಚ್ಚರಿಕೆ ಮೆಸೇಜ್ ಬಂದೇ ಇರಬೇಕು, ನಾನು ಓದಿರ್ಲಿಲ್ಲ. ಅವತ್ತಿಂದ ಬೀಟಾಗೆ ಅಂತಾನೇ ಬೇರೆ ಫೋಲ್ಡರ್, ಅದರೊಳಗೆ ಡೇಟಾದ ಕಾಪಿ, ಮೂಲ ಫೈಲ್‌ಗಳಿಗೆ ಓದೋಕೆ ಮಾತ್ರ ಪರ್ಮಿಷನ್. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಳಸೋರು ಬೇರೆ ಎನ್ವಿರಾನ್‌ಮೆಂಟ್ ಮಾಡ್ಕೊಂಡ್ರೆ ಸಾಕು, ನಿಮ್ಮದು ಮೆನು ಇರೋ ಸಾಫ್ಟ್‌ವೇರ್ ಅಂದ್ರೆ ಎರಡೂ ವರ್ಷನ್ ಅಕ್ಕಪಕ್ಕ ಇರೋಕೆ ಬಿಡತ್ತಾ ಅಂತ ಮೊದಲು ನೋಡಿ, ಬಿಡಲ್ಲ ಅಂದ್ರೆ ಬೇರೆ ಕಂಪ್ಯೂಟರ್ ಇಲ್ಲಾ ವರ್ಚುವಲ್ ಮಷೀನ್. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು.

ಗೈಡ್ ಹೇಳಿದ ಇನ್ನರ್ಧ, ಅಂದ್ರೆ ಡಿಲೀಟ್ ಮಾಡು ಅನ್ನೋದನ್ನ ನಾನು ಒಪ್ಪಲ್ಲ. ಯಾಕೆ ಅಂದ್ರೆ ಮಾಮೂಲಿ ಆ್ಯಪ್ ಟೆಸ್ಟಿಂಗ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಒಂದು ಫೋಟೋ ಆ್ಯಪ್ ಕೆಟ್ರೆ ಗೊತ್ತಾಗತ್ತೆ, ಕ್ರ್ಯಾಶ್ ಆಗತ್ತೆ, ಬಟನ್ ಕೆಲಸ ಮಾಡಲ್ಲ, ಯಾರಾದ್ರೂ ಬೈತಾರೆ. ಅನಾಲಿಸಿಸ್ ಸಾಫ್ಟ್‌ವೇರ್ ಕೆಟ್ರೆ ಬಹಳಷ್ಟು ಸಲ ಏನೂ ಆಗಲ್ಲ. ಎಲ್ಲ ಚೆನ್ನಾಗೇ ಓಡತ್ತೆ, ಗ್ರಾಫ್ ಚೆನ್ನಾಗಿ ಬರತ್ತೆ, ನಂಬರ್ ಮಾತ್ರ ತಪ್ಪು. ಕ್ರ್ಯಾಶ್ ಆಗೋ ಬಗ್ ಒಂದು ಲೆಕ್ಕಕ್ಕೆ ಸಾಧು ಪ್ರಾಣಿ, ಡೆವಲಪರ್‌ಗಳೇ ಅದನ್ನ ಹಿಡೀತಾರೆ. ಸದ್ದಿಲ್ಲದೆ ನಂಬರ್ ಬದಲಾಯಿಸೋದನ್ನ ಹಿಡಿಯೋಕೆ ಸರಿಯಾದ ನಂಬರ್ ಎಷ್ಟಿರಬೇಕು ಅಂತ ಮೊದಲೇ ಗೊತ್ತಿರೋರು ಬೇಕು, ಅಂದ್ರೆ ನೀವು. ನಿಮ್ಮ ಹತ್ರ ಹಳೇ ಡೇಟಾ ಇದೆ, ಅದರ ಹಳೇ ಉತ್ತರ ಇದೆ, ಆ ಡೇಟಾ ಯಾವ ಮೂಲೇಲಿ ಹೇಗೆ ಎಡವಟ್ಟಾಗಿದೆ ಅನ್ನೋದೂ ಗೊತ್ತಿದೆ. ಡೆವಲಪರ್‌ಗೆ ಇದ್ಯಾವುದೂ ಇಲ್ಲ, ಅವರು ಟೆಸ್ಟ್ ಮಾಡೋದು ನೀಟಾಗಿರೋ ಡೇಟಾದಲ್ಲಿ.

ಸದ್ದಿಲ್ಲದೆ ಬದಲಾಗೋದು ಅಂದ್ರೆ ಎಷ್ಟು ಅಂತೀರಾ, 2012ರಲ್ಲಿ ಪ್ಲಾಸ್ ಒನ್ ಪತ್ರಿಕೇಲಿ ಒಂದು ಅಧ್ಯಯನ ಬಂತು, ಮೆದುಳಿನ ಎಂಆರ್‌ಐ ಚಿತ್ರ ಅಳೆಯೋ ಫ್ರೀಸರ್ಫರ್ ಅನ್ನೋ ಸಾಫ್ಟ್‌ವೇರ್ ಬಗ್ಗೆ. ಅವೇ ಚಿತ್ರಗಳನ್ನ ಅದೇ ಸಾಫ್ಟ್‌ವೇರ್‌ನ ಬೇರೆ ಬೇರೆ ವರ್ಷನ್‌ಗೆ ಕೊಟ್ಟು ನೋಡಿದ್ರು, ಮೆದುಳಿನ ಭಾಗಗಳ ಗಾತ್ರದಲ್ಲಿ ವರ್ಷನ್‌ನಿಂದ ವರ್ಷನ್‌ಗೆ ಸರಾಸರಿ 8.8 ಪರ್ಸೆಂಟ್ ವ್ಯತ್ಯಾಸ, ಕಾರ್ಟೆಕ್ಸ್ (ಮೆದುಳಿನ ಹೊರಪದರ) ದಪ್ಪದಲ್ಲಿ 2.8 ಪರ್ಸೆಂಟ್. ಕಂಪ್ಯೂಟರ್ ಬದಲಾಯಿಸಿದ್ರೂ, ಆಪರೇಟಿಂಗ್ ಸಿಸ್ಟಮ್‌ನ ವರ್ಷನ್ ಬದಲಾಯಿಸಿದ್ರೂ ಸ್ವಲ್ಪ ವ್ಯತ್ಯಾಸ ಕಾಣಿಸ್ತು. ಯಾವುದ್ರಲ್ಲೂ ಎರರ್ ಮೆಸೇಜ್ ಇಲ್ಲ. ಒಂದು ಸ್ಟಡಿ ಮಧ್ಯದಲ್ಲಿ ಅಪ್‌ಡೇಟ್ ಮಾಡಿ ಅರ್ಧ ರೋಗಿಗಳನ್ನ ಹಳೇದ್ರಲ್ಲಿ ಅರ್ಧ ಹೊಸದ್ರಲ್ಲಿ ಅಳೆದಿದ್ರೆ ಕಥೆ ಏನಾಗ್ತಿತ್ತು ಯೋಚ್ನೆ ಮಾಡಿ.

ಸರಿ, ನಂಬರ್ ಬದಲಾಯ್ತು. ಈಗೇನು? ನಾನು ಒಂದು ಕ್ರಮದಲ್ಲಿ ಹುಡುಕ್ತೀನಿ, ಸುಲಭವಾದ್ದು ಮೊದಲು.

ಎಲ್ಲಕ್ಕಿಂತ ಮೊದಲು ಎನ್ ನೋಡಿ. ಎಷ್ಟು ಸಾಲು ಓದಿದೆ, ಎಷ್ಟು ಖಾಲಿ ಅಂತ ಬಿಟ್ಟಿದೆ. ಪಿ, ಟಿ, ಗ್ರಾಫ್ ಎಲ್ಲ ಆಮೇಲೆ. ನನ್ನ ಅನುಭವದಲ್ಲಿ "ಹೊಸ ವರ್ಷನ್ ತಪ್ಪು ಉತ್ತರ ಕೊಡ್ತಿದೆ" ಅನ್ನೋ ದೂರುಗಳಲ್ಲಿ ದೊಡ್ಡ ಪಾಲು ಲೆಕ್ಕದ ತಪ್ಪೇ ಅಲ್ಲ, ಫೈಲ್ ಓದೋದ್ರಲ್ಲೇ ಆಗಿರೋ ತಪ್ಪು. ತಾರೀಖಲ್ಲಿ ದಿನ ಯಾವುದು ತಿಂಗಳು ಯಾವುದು ಅನ್ನೋದು ತಿರುಗುಮುರುಗಾಗಿರತ್ತೆ, ಡೆಸಿಮಲ್‌ಗೆ ಚುಕ್ಕಿ ಬದಲು ಕಾಮಾ ಇರೋ ಫೈಲಲ್ಲಿ ಇಡೀ ಕಾಲಂ ಟೆಕ್ಸ್ಟ್ ಆಗಿರತ್ತೆ, ಖಾಲಿ ಸೆಲ್ ಸೊನ್ನೆ ಆಗಿರತ್ತೆ. ಇದರಲ್ಲಿ ಹಳೇ ತಮಾಷೆ ಒಂದಿದೆ, ನಮೀಬಿಯಾ ದೇಶದ ಎರಡಕ್ಷರದ ಕೋಡ್ ಎನ್ಎ, ಡೇಟಾ ಇಲ್ಲ ಅನ್ನೋದಕ್ಕೆ ಬಳಸೋದೂ ಎನ್ಎ, ಹಾಗಾಗಿ ಪೈಥಾನ್‌ನ ಪಾಂಡಾಸ್ ಅಂಥ ಲೈಬ್ರರೀಲಿ ದೇಶಗಳ ಕೋಡ್ ಇರೋ ಸಿಎಸ್‌ವಿ ಓದಿಸಿದ್ರೆ ಡಿಫಾಲ್ಟಾಗಿ ನಮೀಬಿಯಾದ ಕೋಡೇ ಮಾಯ. ಎಕ್ಸೆಲ್ ಜೀನ್ ಹೆಸರುಗಳನ್ನ ತಾರೀಖು ಮಾಡೋ ಕಥೆ ಬಯಾಲಜಿಯೋರಾದ ನಿಮಗೆ ನಾನು ಹೇಳ್ಬೇಕಾಗಿಲ್ಲ, ಅದರ ಕಾಟ ತಡೀಲಾರದೆ 2020ರಲ್ಲಿ ಜೀನ್‌ಗಳಿಗೇ ಹೆಸರು ಬದಲಾಯಿಸಿದ್ರು, ಸಾಫ್ಟ್‌ವೇರ್‌ಗೆ ಹೆದರಿ ಮನುಷ್ಯರ ಜೀನ್ ಹೆಸರು ಬದಲಾಯ್ತು ಅಂದ್ರೆ ನೋಡಿ. ನಿಮ್ಮ ಕೇಸಲ್ಲಿ ಇದಲ್ಲ ಅಂತ ಸುಲಭವಾಗಿ ಹೇಳ್ಬಹುದು, ಒಂದೇ ಒಂದು ಸಾಲು ಕಳೆದುಹೋಗಿದ್ರೂ ಟಿ ಕೂಡ ಬದಲಾಗ್ತಿತ್ತು. ಆದ್ರೂ ಎನ್ ನೋಡಿ.

ಎರಡನೇದು, ಲೆಕ್ಕದಲ್ಲಿ ರ‍್ಯಾಂಡಮ್ ಏನಾದ್ರೂ ಇದ್ಯಾ? ಬೂಟ್‌ಸ್ಟ್ರ್ಯಾಪ್, ಪರ್ಮ್ಯುಟೇಷನ್ ಟೆಸ್ಟ್, ಕ್ಲಸ್ಟರಿಂಗ್, ಮಷೀನ್ ಲರ್ನಿಂಗ್ ಇದ್ರಲ್ಲೆಲ್ಲ ಇರತ್ತೆ. "ನಾನು ಸೀಡ್ ಅದೇ ಕೊಟ್ಟಿದೀನಲ್ಲ, ಮತ್ತ್ಯಾಕೆ ಬೇರೆ ಬಂತು" ಅಂತಾರೆ. ಸೀಡ್ ಅಂದ್ರೆ ರ‍್ಯಾಂಡಮ್ ಸಂಖ್ಯೆಗಳ ಸಾಲು ಶುರು ಮಾಡೋಕೆ ಕೊಡೋ ಸಂಖ್ಯೆ, ಅದು ಅದೇ ಇದ್ರೂ ವರ್ಷನ್ ಬದಲಾದ್ರೆ ಆ ಸಾಲು ಬದಲಾಗಬಹುದು, ಇದಕ್ಕೆ ಸ್ಟ್ಯಾಟಿಸ್ಟಿಕ್ಸ್‌ಗೆ ಬಳಸೋ ಆರ್ ಭಾಷೇಲಿ ಆಗಿದ್ದನ್ನ ತೋರಿಸ್ತೀನಿ. ಸೀಡ್ 1 ಅಂತ ಕೊಟ್ಟು, 1ರಿಂದ 10ರವರೆಗಿನ ಸಂಖ್ಯೆಗಳನ್ನ ಕಲಸಿ ಕೊಡು ಅಂತ ಸ್ಯಾಂಪಲ್ ಫಂಕ್ಷನ್‌ಗೆ ಹೇಳಿದ್ರೆ ಆರ್ 3.5ರಲ್ಲಿ ಬರ್ತಿದ್ದಿದ್ದು 3, 4, 5, 7, 2, 8, 9, 6, 10, 1. 2019ರ ಏಪ್ರಿಲ್‌ನಲ್ಲಿ ಬಂದ 3.6.0ದಲ್ಲಿ ಅದೇ ಸೀಡ್, ಅದೇ ಆಜ್ಞೆ, ಬಂದಿದ್ದು 9, 4, 7, 1, 2, 5, 3, 10, 6, 8. ಬಗ್ಗಾ? ಅಲ್ಲ, ಉಲ್ಟಾ. ಹಳೇ ವಿಧಾನದಲ್ಲಿ ತುಂಬಾ ದೊಡ್ಡ ಪಟ್ಟಿಯಿಂದ ಆರಿಸುವಾಗ ಎಲ್ಲಕ್ಕೂ ಸಮಾನ ಅವಕಾಶ ಸಿಗ್ತಿರ್ಲಿಲ್ಲ, ಸ್ವಲ್ಪ ಓರೆ ಇತ್ತು, ಅದನ್ನ ಸರಿ ಮಾಡಿದ್ರು, ಸರಿ ಮಾಡಿದ್ದಕ್ಕೆ ಎಲ್ಲರ ಹಳೇ ನಂಬರ್ ಬದಲಾಯ್ತು. ಹಳೇದೇ ಬೇಕು ಅನ್ನೋರಿಗೆ ಒಂದು ಸೆಟ್ಟಿಂಗ್ ಇಟ್ಟಿದ್ದಾರೆ. ಹೊಸ ವರ್ಷನ್‌ನಲ್ಲಿ ನಂಬರ್ ಬದಲಾಯ್ತು ಅಂದ್ರೆ ತಪ್ಪು ಹೊಸದ್ರದ್ದೇ ಅಂತ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ನಿಮ್ಮ ಸಾದಾ ಟಿ-ಟೆಸ್ಟಲ್ಲಿ ರ‍್ಯಾಂಡಮ್ ಏನೂ ಇಲ್ಲ, ಮುಂದೆ ಹೋಗೋಣ.

ಮೂರನೇದು ದಶಾಂಶದ ಬಾಲ. 0.1 ಮತ್ತು 0.2 ಕೂಡಿ ನೋಡಿ, ಪೈಥಾನ್ ನಿಮಗೆ 0.30000000000000004 ಅಂತ ತೋರಿಸತ್ತೆ. ಮೂರನ್ನ ಕೂಡುವಾಗ ಯಾವ ಎರಡನ್ನ ಮೊದಲು ಕೂಡಿದ್ರಿ ಅನ್ನೋದ್ರ ಮೇಲೂ ಕೊನೇ ಅಂಕಿ ಬದಲಾಗತ್ತೆ. ಹೊಸ ವರ್ಷನ್ ಲೆಕ್ಕನ ನಾಲ್ಕು ಕೋರ್‌ಗೆ ಹಂಚಿದ್ರೆ ಕೂಡೋ ಕ್ರಮ ಬದಲಾಗಿ ಹದಿನೈದನೇ ಅಂಕಿ ಆಚೀಚೆ ಆಗೋದು ಸಹಜ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಅದನ್ನ ರಿಪೋರ್ಟ್ ಮಾಡೋದೂ ಬೇಡ. ಹೋಲಿಸುವಾಗ ಒಂದು ಅಳತೆ ಇಟ್ಕೊಳ್ಳಿ, ಮಾಮೂಲಿ ಲೆಕ್ಕಕ್ಕೆ ಏಳನೇ ಅಂಕಿವರೆಗೆ ಒಂದೇ ಇದ್ರೆ ಒಂದೇ ಅಂತ. ಆದ್ರೆ ಮೂರನೇ ಅಂಕೀಲಿ ವ್ಯತ್ಯಾಸ ಕಂಡು "ಫ್ಲೋಟಿಂಗ್ ಪಾಯಿಂಟ್ ಇರ್ಬೇಕು ಬಿಡಿ" ಅಂತ ಯಾರಾದ್ರೂ ಅಂದ್ರೆ ಅಷ್ಟಕ್ಕೇ ಬಿಡ್ಬೇಡಿ. ಒಂದೋ ಬೇರೆ ಕಾರಣ ಇದೆ, ಇಲ್ಲಾ ಸೂತ್ರಾನೇ ಹದಗೆಟ್ಟಿದೆ. ನಿಮ್ಮ 0.048 ಮತ್ತು 0.053 ಈ ಬಾಲದ ಲೆಕ್ಕಕ್ಕೆ ಸೇರೋದಲ್ಲ.

ಸೂತ್ರ ಹದಗೆಡೋದು ಅಂದ್ನಲ್ಲ, ಅದನ್ನ ನೀವೇ ಕೈಯಲ್ಲಿ ಪರೀಕ್ಷೆ ಮಾಡ್ಬಹುದು, ನಾನು ಯಾವ ಹೊಸ ಸಾಫ್ಟ್‌ವೇರ್ ಬಂದ್ರೂ ಮೊದಲು ಇದನ್ನೇ ಕೊಡೋದು. ಮೂರು ಸಂಖ್ಯೆ ತಗೊಳ್ಳಿ, 10000000.1, 10000000.2, 10000000.3. ಇದರ ಸ್ಟ್ಯಾಂಡರ್ಡ್ ಡೀವಿಯೇಷನ್ (ಎಸ್‌ಡಿ, ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಎಷ್ಟು? ಬಾಯಲ್ಲೇ ಹೇಳ್ಬಹುದು, 0.1. ಆದ್ರೆ ವರ್ಗಗಳನ್ನೆಲ್ಲ ಕೂಡಿ ಅದರಿಂದ ಸರಾಸರಿಯ ವರ್ಗ ಇಂತಿಷ್ಟು ಪಟ್ಟು ಕಳೆಯೋ ಶಾರ್ಟ್‌ಕಟ್ ಸೂತ್ರ ಇದ್ಯಲ್ಲ, ಪುಸ್ತಕದಲ್ಲೆಲ್ಲ ಇರತ್ತೆ, ಅದನ್ನ ಹಾಗೇ ಕೋಡ್ ಮಾಡಿದ್ರೆ ಇಲ್ಲಿ ಮುಗ್ಗರಿಸತ್ತೆ. ಒಂದೊಂದು ಸಂಖ್ಯೇನೂ ಒಂದು ಕೋಟಿ ಹತ್ರ, ಅದರ ವರ್ಗ ಕೋಟಿ ಕೋಟಿ, ಮೂರು ಸೇರಿ ಮೂರು ಕೋಟಿ ಕೋಟಿ. ಅಷ್ಟು ದೊಡ್ಡ ಸಂಖ್ಯೆ ಹತ್ರ ಕಂಪ್ಯೂಟರ್ ದಶಾಂಶಕ್ಕೆ ಬಳಸೋ ಡಬಲ್ ಅನ್ನೋ ರೂಪದ ಸಂಖ್ಯೆಗಳು ಒಂದಕ್ಕೊಂದು 0.0625 ದೂರ ಇರತ್ವೆ, ಮಧ್ಯದಲ್ಲಿ ಏನೂ ಇಲ್ಲ. ನಮಗೆ ಬೇಕಾಗಿರೋ ಉತ್ತರ, ಅಂದ್ರೆ ವ್ಯತ್ಯಾಸಗಳ ವರ್ಗಗಳ ಮೊತ್ತ, ಬರೀ 0.02. ಅಡಿಗೋಲಲ್ಲಿ ಕೂದಲ ದಪ್ಪ ಅಳೆದ ಹಾಗೆ. ಉತ್ತರ ಸೊನ್ನೆ ಬರಬಹುದು, ಮೈನಸ್ ಬಂದು ವರ್ಗಮೂಲ ಸಿಗದೆ ಒದ್ದಾಡ್ಬಹುದು, ಇಲ್ಲಾ ಬಾಯಿಗೆ ಬಂದ ಸಂಖ್ಯೆ ಕೊಡ್ಬಹುದು. ಇದು ಪುಸ್ತಕದ ಬದನೆಕಾಯಿ ಅಂದ್ಕೋಬೇಡಿ, ಎಕ್ಸೆಲ್‌ನಲ್ಲೇ 2003ರ ವರ್ಷನ್ ಬರೋವರೆಗೆ ಈ ಸೂತ್ರಾನೇ ಇತ್ತು, ಆಮೇಲೆ ಸರಿ ಮಾಡಿದ್ರು. ಯಾರಾದ್ರೂ ಸ್ಪೀಡ್ ಹೆಚ್ಚಿಸೋಕೆ ಅಂತ ಕೋಡ್ ಹೊಸದಾಗಿ ಬರೆದಾಗ ಈ ಹಳೇ ದೆವ್ವ ವಾಪಸ್ ಬರೋದುಂಟು, ಹಾಗಾಗಿ ರಿಲೀಸ್ ನೋಟ್ಸಲ್ಲಿ "ಹತ್ತು ಪಟ್ಟು ವೇಗ" ಅಂತ ಕಂಡ ಕೂಡ್ಲೇ ನಾನು ಈ ಮೂರು ಸಂಖ್ಯೆ ಹಾಕಿ ನೋಡ್ತೀನಿ.

ಇದನ್ನೇ ದೊಡ್ಡದಾಗಿ, ವ್ಯವಸ್ಥಿತವಾಗಿ ಮಾಡಿಟ್ಟಿರೋದು ಅಮೆರಿಕದ ಮಾನದಂಡಗಳ ಸಂಸ್ಥೆ ನಿಸ್ಟ್. ಸ್ಟ್ಯಾಟಿಸ್ಟಿಕಲ್ ರೆಫರೆನ್ಸ್ ಡೇಟಾಸೆಟ್ಸ್ ಅಂತ ಹುಡುಕಿ, ಫ್ರೀ ಸಿಗತ್ತೆ. ಡೇಟಾ ಜೊತೆಗೆ ಸರಿ ಉತ್ತರಾನೂ ಪ್ರಮಾಣೀಕರಿಸಿ ಕೊಟ್ಟಿದ್ದಾರೆ, ಸರಾಸರಿ, ಲೀನಿಯರ್ ರಿಗ್ರೆಷನ್ (ಡೇಟಾಗೆ ಗೆರೆ ಹೊಂದಿಸೋದು) ಥರದ್ದಕ್ಕೆ 15 ಅಂಕಿವರೆಗೆ, ನಾನ್‌ಲೀನಿಯರ್ ರಿಗ್ರೆಷನ್‌ಗೆ 11. ಲಾಂಗ್ಲಿ ಅನ್ನೋದು ಬರೀ 16 ಸಾಲಿನ ಡೇಟಾ, ಆದ್ರೆ ಕಾಲಂಗಳು ಒಂದಕ್ಕೊಂದು ಎಷ್ಟು ಅಂಟ್ಕೊಂಡಿವೆ ಅಂದ್ರೆ ದುರ್ಬಲ ರಿಗ್ರೆಷನ್ ಕೋಡ್ ಅಲ್ಲೇ ಕೈ ಎತ್ತತ್ತೆ. ಫಿಲಿಪ್ ಅನ್ನೋದು 82 ಸಾಲು, ಹತ್ತನೇ ಡಿಗ್ರಿ ಪಾಲಿನಾಮಿಯಲ್, ಅದಂತೂ ಒಳ್ಳೊಳ್ಳೇ ಪ್ಯಾಕೇಜ್‌ನ ಬೆವರಿಳಿಸತ್ತೆ. ಬೀಟಾ ಟೆಸ್ಟರ್‌ಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ, ಯಾಕಂದ್ರೆ ಹಳೇ ವರ್ಷನ್ ಮತ್ತು ಹೊಸ ವರ್ಷನ್ ಜಗಳ ಆಡಿದಾಗ ನ್ಯಾಯ ಹೇಳೋಕೆ ಮೂರನೆಯವರು ಬೇಕಲ್ಲ. ಹಳೇದನ್ನೇ ದೇವರು ಅಂದ್ಕೊಂಡ್ರೆ ಹಳೇದ್ರ ತಪ್ಪೂ ದೇವರಾಗತ್ತೆ. ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆಯ ಸ್ಕ್ಯಾನ್) ಅನಾಲಿಸಿಸ್ ಮಾಡೋ ಎಎಫ್‌ಎನ್‌ಐ ಪ್ಯಾಕೇಜಿನ ಒಂದು ಟೂಲಲ್ಲಿ 15 ವರ್ಷ ಒಂದು ಬಗ್ ಕೂತಿತ್ತು, 2015ರಲ್ಲಿ ಸರಿ ಮಾಡಿದ್ರು, ಮರುವರ್ಷ ಬಂದ ಪೇಪರ್ ಅದರ ಬಗ್ಗೆ ಬರೆದಾಗ ದೊಡ್ಡ ಗಲಾಟೇನೇ ಆಯ್ತು. 15 ವರ್ಷ ಎಲ್ಲರೂ ಹೊಸ ವರ್ಷನ್‌ನ ಹಳೇದ್ರ ಜೊತೆ ಹೋಲಿಸಿ ನೋಡಿದ್ರೂ ಅದು ಸಿಕ್ತಿರ್ಲಿಲ್ಲ, ಎರಡ್ರಲ್ಲೂ ಅದೇ ತಪ್ಪು ಇತ್ತಲ್ಲ.

ನಾಲ್ಕನೇದು ಡಿಫಾಲ್ಟ್‌ಗಳು, ನಾನು ಜಾಸ್ತಿ ಹೊತ್ತು ಕಳೆಯೋದು ಇಲ್ಲೇ. ನೀವು ಬಟನ್ ಒಂದೇ ಒತ್ತಿದ್ರೂ ಒಳಗೆ ಹತ್ತು ಆಯ್ಕೆಗಳನ್ನ ಸಾಫ್ಟ್‌ವೇರ್ ನಿಮ್ಮ ಪರವಾಗಿ ಮಾಡಿರತ್ತೆ. ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಎನ್‌ನಿಂದ ಭಾಗಿಸೋದಾ, ಎನ್ ಮೈನಸ್ ಒಂದರಿಂದಾನಾ? ನಂಪೈ ಡಿಫಾಲ್ಟಾಗಿ ಎನ್ ಬಳಸತ್ತೆ, ಪಾಂಡಾಸ್ ಎನ್ ಮೈನಸ್ ಒಂದು, ಎರಡೂ ಪೈಥಾನೇ, ಒಟ್ಟಿಗೇ ಬಳಸ್ತಾರೆ, ಆದ್ರೂ. ಪರ್ಸೆಂಟೈಲ್ ಲೆಕ್ಕಕ್ಕೆ ಆರ್‌ನಲ್ಲಿ ಒಂಬತ್ತು ವಿಧ ಇದೆ, ಏಳನೇದು ಡಿಫಾಲ್ಟ್. ಇಂಥ ವ್ಯತ್ಯಾಸಗಳಿಗೆ ಬೆರಳಚ್ಚು ಇರತ್ತೆ, ಅದನ್ನ ಗುರುತಿಸೋದು ಕಲಿತ್ರೆ ಅರ್ಧ ಪತ್ತೇದಾರಿ ಮುಗೀತು. 10 ಸ್ಯಾಂಪಲ್ ಇರುವಾಗ ಎರಡು ಎಸ್‌ಡಿಗಳ ಅನುಪಾತ 1.054 ಬಂದ್ರೆ ಕಣ್ಣು ಮುಚ್ಕೊಂಡು ಹೇಳ್ಬಹುದು, ಭಾಜಕ ಬದಲಾಗಿದೆ ಅಂತ, ಯಾಕಂದ್ರೆ 10ನ್ನ 9ರಿಂದ ಭಾಗಿಸಿ ವರ್ಗಮೂಲ ತೆಗೆದ್ರೆ ಅಷ್ಟೇ. 5 ಸ್ಯಾಂಪಲ್ ಆದ್ರೆ 1.118. ವ್ಯತ್ಯಾಸ ಆಗಿದೆ ಅಂತ ಬರೀ ಕಳೆದು ನೋಡ್ಬೇಡಿ, ಭಾಗಿಸಿಯೂ ನೋಡಿ.

ಭಾಷೆ ಅಥವಾ ಲೈಬ್ರರಿಯ ಅಡಿಪಾಯಾನೇ ಬದಲಾಗೋದೂ ಇದೆ. ನಂಪೈ 2.0 ಬಂದಿದ್ದು 2024ರ ಜೂನ್‌ನಲ್ಲಿ, 2006ರ ನಂತರ ಅದರ ಮೊದಲ ದೊಡ್ಡ ವರ್ಷನ್ ಬದಲಾವಣೆ. ಅದರಲ್ಲಿ ಬೇರೆ ಬೇರೆ ಗಾತ್ರದ ಸಂಖ್ಯೆ ಕೂಡಿದಾಗ ಉತ್ತರದ ಗಾತ್ರ ಯಾವುದು ಅನ್ನೋ ನಿಯಮ ಬದಲಾಯ್ತು. ಚಿತ್ರದ ಪಿಕ್ಸೆಲ್ 0ಯಿಂದ 255ರ ಎಂಟು ಬಿಟ್‌ನ ಸಂಖ್ಯೆ ಅಲ್ವಾ, ಹಾಗಿರೋ ಒಂದು 100ಕ್ಕೆ ಸಾದಾ 200 ಕೂಡಿದ್ರೆ ಹಿಂದೆ 300 ಬರ್ತಿತ್ತು, ಈಗ 44 ಬರತ್ತೆ. 256 ತುಂಬಿದ ಕೂಡ್ಲೇ ಮೀಟರ್ ಮತ್ತೆ ಸೊನ್ನೆಯಿಂದ ಶುರು, ಮಿಕ್ಕಿದ್ದು 44. ಜೊತೆಗೆ ಒಂದು ವಾರ್ನಿಂಗ್ ಕೊಡತ್ತೆ ಅನ್ನೋದು ನಿಜ, ಆದ್ರೆ ಬೀಟಾದಲ್ಲಿ ವಾರ್ನಿಂಗ್‌ಗಳು ಮಳೆ ಥರ ಸುರೀತಿರತ್ವೆ, ಯಾರು ಓದ್ತಾರೆ? ನೀವು ಓದಿ. ಒಂದು ಫೈಲಲ್ಲಿ ಸೇವ್ ಮಾಡಿ, ಹಳೇ ವರ್ಷನ್‌ನಲ್ಲಿ ಇಲ್ದೇ ಇರೋ ವಾರ್ನಿಂಗ್ ಯಾವುದು ಅಂತ ಮಾತ್ರ ಹುಡುಕಿ. ನಿಮ್ಮ ಮೆನು ಸಾಫ್ಟ್‌ವೇರ್ ಒಳಗೆ ಯಾವ ಲೈಬ್ರರಿ ಇದೆ ಅಂತ ನಿಮಗೆ ಕಾಣಲ್ಲ, ಆದ್ರೆ ಅದರ ಪರಿಣಾಮ ನಿಮ್ಮ ನಂಬರಲ್ಲಿ ಕಾಣ್ಬಹುದು.

ಇನ್ನೊಂದು, ಇದು ಹೊಳೆಯೋದೇ ಕಷ್ಟ. ರಸಾಯನಶಾಸ್ತ್ರದವರು ಎನ್‌ಎಂಆರ್ (ಅಣುವಿನ ರಚನೆ ತಿಳಿಯೋ ವಿಧಾನ) ಲೆಕ್ಕಕ್ಕೆ ಬಳಸ್ತಿದ್ದ ಪೈಥಾನ್ ಸ್ಕ್ರಿಪ್ಟ್ ಒಂದು 2014ರಲ್ಲಿ ಪ್ರಕಟ ಆಗಿತ್ತು, 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದವರು ನೋಡ್ತಾರೆ, ಅದೇ ಸ್ಕ್ರಿಪ್ಟ್, ಅದೇ ಫೈಲ್, ಆಪರೇಟಿಂಗ್ ಸಿಸ್ಟಮ್ ಬೇರೆ ಆದ್ರೆ ಉತ್ತರ ಬೇರೆ. ಕಾರಣ ಏನು ಗೊತ್ತಾ, ಫೋಲ್ಡರ್‌ನಲ್ಲಿರೋ ಫೈಲ್‌ಗಳ ಪಟ್ಟಿ ಕೊಡು ಅಂದಾಗ ಒಂದೊಂದು ಸಿಸ್ಟಮ್ ಒಂದೊಂದು ಕ್ರಮದಲ್ಲಿ ಕೊಡತ್ತೆ, ಸ್ಕ್ರಿಪ್ಟ್ ಮಾತ್ರ ಕ್ರಮ ಸರಿ ಇದೆ ಅಂತ ನಂಬಿ ಜೋಡಿ ಮಾಡ್ಕೊಂಡು ಹೋಗಿತ್ತು. ಹಾಗಾಗಿ ನಾನು ಬೀಟಾಗೆ ಅದೇ ಡೇಟಾನ ಸಾಲುಗಳನ್ನ ಉಲ್ಟಾ ಮಾಡಿ ಕೊಡ್ತೀನಿ, ಕಾಲಂ ಹಿಂದೆ ಮುಂದೆ ಮಾಡ್ತೀನಿ, ಎಲ್ಲಾ ಸಂಖ್ಯೇನೂ ಸಾವಿರದಿಂದ ಗುಣಿಸಿ ಕೊಡ್ತೀನಿ. ಸರಾಸರಿ ಸಾವಿರ ಪಟ್ಟು ಆಗ್ಬೇಕು, ಟಿ ಮತ್ತು ಪಿ ಒಂಚೂರೂ ಅಲ್ಲಾಡಬಾರ್ದು. ಉತ್ತರ ಎಷ್ಟು ಅಂತ ಗೊತ್ತಿಲ್ದೇ ಇದ್ರೂ ಈ ಟೆಸ್ಟ್ ಮಾಡ್ಬಹುದು, ಪ್ರೋಗ್ರಾಮಿಂಗ್ ಏನೂ ಬೇಡ.

ಸ್ಪೀಡು, ಮೆನು ಜಾಗ ಬದಲಾಗಿದೆ, ಐಕಾನ್ ಚೆನ್ನಾಗಿಲ್ಲ, ಇದನ್ನೆಲ್ಲ ಬರೀಬೇಡಿ ಅನ್ನಲ್ಲ, ಬರೀರಿ, ಆದ್ರೆ ಅದನ್ನ ಹೇಳೋಕೆ ನೂರು ಜನ ಇರ್ತಾರೆ. ಹೊಸ ವರ್ಷನ್‌ನಲ್ಲಿ ಸೇವ್ ಮಾಡಿದ್ದು ಹಳೇದ್ರಲ್ಲಿ ತೆರೆಯತ್ತಾ ಅಂತ ಮಾತ್ರ ಖಂಡಿತ ನೋಡಿ.

ರಿಪೋರ್ಟ್ ಬರೆಯೋ ವಿಷಯ. "ನಿಮ್ಮ ಬೀಟಾದಲ್ಲಿ ಟಿ-ಟೆಸ್ಟ್ ತಪ್ಪು ಬರ್ತಿದೆ ದಯವಿಟ್ಟು ಸರಿಪಡಿಸಿ" ಅಂತ ಒಂದು ಸಾಲು ಬರೆದ್ರೆ ಅದು ಪಟ್ಟಿಯ ತಳದಲ್ಲಿ ಕೊಳೀತಾ ಇರತ್ತೆ. ತಪ್ಪು ಮಾಡಿ ತೋರಿಸೋ ಅತಿ ಚಿಕ್ಕ ಡೇಟಾ ಕೊಡಿ. 4000 ಸಾಲಿನ ಫೈಲಲ್ಲಿ ತೊಂದ್ರೆ ಕಂಡ್ರೆ ಅರ್ಧ ಅಳಿಸಿ ನೋಡಿ, ತೊಂದ್ರೆ ಇನ್ನೂ ಇದ್ರೆ ಮತ್ತೆ ಅರ್ಧ, ಮಾಯ ಆದ್ರೆ ಇನ್ನೊಂದು ಅರ್ಧ ತಗೊಳ್ಳಿ. ಹೀಗೆ ಒಂಬತ್ತು ಹತ್ತು ಸಲ ಮಾಡಿದ್ರೆ ಏಳೆಂಟು ಸಾಲಿಗೆ ಬಂದಿರ್ತೀರಿ, ಎಷ್ಟೋ ಸಲ ಆ ಸಾಲು ನೋಡಿದ ಕೂಡ್ಲೇ ಕಾರಣ ನಿಮಗೇ ಕಾಣತ್ತೆ. ಆಮೇಲೆ ಏನು ಒತ್ತಿದ್ರಿ, ಏನು ಬರಬೇಕಿತ್ತು, ಏನು ಬಂತು, ಬರಬೇಕಿತ್ತು ಅಂತ ನಿಮಗೆ ಹೇಗೆ ಗೊತ್ತು (ಹಳೇ ವರ್ಷನ್ನಾ, ನಿಸ್ಟಾ, ಕೈಲೆಕ್ಕಾನಾ), ಎರಡೂ ವರ್ಷನ್‌ನ ಪೂರ್ತಿ ನಂಬರ್, ಆಪರೇಟಿಂಗ್ ಸಿಸ್ಟಮ್. ಸ್ಕ್ರೀನ್‌ಶಾಟ್ ಒಂದೇ ಕಳಿಸ್ಬೇಡಿ, ಅದರಿಂದ ನಂಬರ್ ಕಾಪಿ ಮಾಡೋಕಾಗಲ್ಲ. ರೋಗಿಗಳ ಡೇಟಾ, ಪ್ರಕಟ ಆಗದ ಡೇಟಾ ಯಾವ ಕಾರಣಕ್ಕೂ ಲಗತ್ತಿಸ್ಬೇಡಿ, ಸಂಖ್ಯೆಗಳನ್ನ ಬದಲಾಯಿಸಿ ಸುಳ್ಳು ಡೇಟಾದಲ್ಲೂ ಅದೇ ತಪ್ಪು ಬರತ್ತಾ ನೋಡಿ, ಬಂದ್ರೆ ಅದನ್ನ ಕಳಿಸಿ. ಹಾಗೇ ಬೀಟಾ ವರ್ಷನ್‌ಗಳು ಬಳಕೆ ಮಾಹಿತಿ ತಾವಾಗೇ ಡೆವಲಪರ್‌ಗೆ ಕಳಿಸೋ ಹಾಗೆ ಇಟ್ಟಿರೋದು ಉಂಟು, ಸೆಟ್ಟಿಂಗ್ಸಲ್ಲಿ ಒಂದ್ಸಲ ನೋಡ್ಕೊಳ್ಳಿ, ನಿಮ್ಮ ಗೈಡ್‌ಗೆ ಇದರದ್ದೇ ಚಿಂತೆ ಇರ್ಬಹುದು.

ಈಗ ನಿಮ್ಮ 0.053. ಟಿ ಅದೇ 2.12, ಪಿ ಮಾತ್ರ ಬೇರೆ. ಟಿಯಿಂದ ಪಿ ಲೆಕ್ಕ ಹಾಕೋಕೆ ಟಿ ಬಿಟ್ರೆ ಬೇಕಾಗೋದು ಎರಡೇ, ಒನ್ ಟೇಲಾ ಟೂ ಟೇಲಾ (ವ್ಯತ್ಯಾಸನ ಒಂದೇ ದಿಕ್ಕಲ್ಲಿ ನೋಡೋದಾ ಎರಡೂ ದಿಕ್ಕಲ್ಲಾ) ಅನ್ನೋದು ಮತ್ತು ಡಿಗ್ರೀಸ್ ಆಫ್ ಫ್ರೀಡಮ್ (ಡಿಎಫ್, ಸ್ಯಾಂಪಲ್ ಎಷ್ಟಿದೆ ಅನ್ನೋದನ್ನ ಆಧರಿಸಿದ ಸಂಖ್ಯೆ). ಟೇಲ್ ಬದಲಾಗಿದ್ರೆ ಪಿ ಅರ್ಧ ಇಲ್ಲಾ ಡಬಲ್ ಆಗ್ತಿತ್ತು, ಆಗಿಲ್ಲ. ಉಳಿದಿದ್ದು ಡಿಎಫ್. ಮಾಮೂಲಿ ಸ್ಟೂಡೆಂಟ್ ಟಿ-ಟೆಸ್ಟಲ್ಲಿ 10 ಮತ್ತು 10 ಸ್ಯಾಂಪಲ್‌ಗೆ ಡಿಎಫ್ 18, ಟಿ 2.12 ಆದ್ರೆ ಪಿ 0.048, ನಿಮ್ಮ ಹಳೇ ಉತ್ತರ ಸರಿಯಾಗಿ ಕೂರತ್ತೆ. ವೆಲ್ಚ್ ಟಿ-ಟೆಸ್ಟ್ ಅಂತ ಇನ್ನೊಂದಿದೆ, ಎರಡು ಗುಂಪಿನ ವೇರಿಯನ್ಸ್ (ಎಸ್‌ಡಿಯ ವರ್ಗ) ಒಂದೇ ಇದೆ ಅಂತ ಅದು ಊಹಿಸಲ್ಲ. ಎರಡೂ ಗುಂಪಲ್ಲಿ ಸ್ಯಾಂಪಲ್ ಅಷ್ಟಷ್ಟೇ ಇದ್ದಾಗ ವೆಲ್ಚ್‌ನ ಟಿ ಸ್ಟೂಡೆಂಟ್‌ನ ಟಿಗೆ ಪೂರ್ತಿ ಸಮ ಬರತ್ತೆ, ಡಿಎಫ್ ಮಾತ್ರ ಕಡಿಮೆ ಆಗತ್ತೆ. ಪಿ 0.053 ಬರಬೇಕಂದ್ರೆ ಡಿಎಫ್ ಸುಮಾರು 13.5 ಇರ್ಬೇಕು, ಹಾಗೆ ಆಗೋದು ಒಂದು ಗುಂಪಿನ ಎಸ್‌ಡಿ ಇನ್ನೊಂದ್ರ ಸರಿಸುಮಾರು ಎರಡು ಪಟ್ಟು ಇದ್ರೆ, ಲೆಕ್ಕದ ಪ್ರಕಾರ 1.9. ನಿಮ್ಮ ಡೇಟಾ ನಾನು ನೋಡಿಲ್ಲ, ಆದ್ರೂ ಹಾಗೇ ಇರತ್ತೆ ಅಂತ ಬೆಟ್ ಕಟ್ತೀನಿ. ಬೀಟಾದ ಔಟ್‌ಪುಟ್‌ನಲ್ಲಿ ಡಿಎಫ್ ನೋಡಿ, 18 ಬದಲು ಚುಕ್ಕಿ ಇರೋ ಸಂಖ್ಯೆ ಇದ್ರೆ ಡಿಫಾಲ್ಟನ್ನ ವೆಲ್ಚ್‌ಗೆ ಬದಲಾಯಿಸಿದ್ದಾರೆ ಅಂತರ್ಥ. ಆರ್‌ನಲ್ಲಿ ಮೊದಲಿಂದ್ಲೂ ಅದೇ ಡಿಫಾಲ್ಟ್, ವಿಚಿತ್ರ ಏನಲ್ಲ, ಎಸ್‌ಡಿ ಇಷ್ಟು ಬೇರೆ ಇರೋ ನಿಮ್ಮ ಡೇಟಾಗೆ ನಾನಾದ್ರೆ ವೆಲ್ಚನ್ನೇ ಬಳಸ್ತಿದ್ದೆ, 0.05ರ ಆಚೆ ಹೋಯ್ತು ಅನ್ನೋ ಬೇಜಾರು ಅರ್ಥ ಆಗತ್ತೆ.

ಆಮೇಲೆ ರಿಲೀಸ್ ನೋಟ್ಸ್ ಓದಿ. ಡಿಫಾಲ್ಟ್ ಬದಲಾಯಿಸಿದೀವಿ ಅಂತ ಅಲ್ಲಿ ಬರೆದಿದ್ರೆ ಬಗ್ ಅಲ್ಲ. ಬರೆದಿಲ್ಲ ಅಂದ್ರೆ ಇವತ್ತೇ ರಿಪೋರ್ಟ್ ಹಾಕಿ, ಲೆಕ್ಕ ತಪ್ಪು ಅಂತಲ್ಲ, ಡಿಫಾಲ್ಟ್ ಬದಲಾಗಿದ್ದನ್ನ ಎಲ್ಲೂ ಹೇಳಿಲ್ಲ ಅಂತ, ಎರಡೂ ಡಿಎಫ್ ಬರೆದು, ಔಟ್‌ಪುಟ್‌ನಲ್ಲಿ ಯಾವ ಟೆಸ್ಟ್ ಅಂತ ಹೆಸರು ಬರ್ತಿಲ್ಲ ಅಂದ್ರೆ ಅದನ್ನೂ ಸೇರಿಸಿ. ಡಿಎಫ್ ಬೀಟಾದಲ್ಲೂ 18 ಅಂತಾನೇ ತೋರಿಸಿ ಪಿ 0.053 ಕೊಡ್ತಿದ್ರೆ ಆಗ ಅದು ನಿಜವಾದ ಬಗ್, ಆ 20 ಸಂಖ್ಯೆಗಳನ್ನ ಸ್ವಲ್ಪ ಬದಲಾಯಿಸಿ ನನಗೂ ಒಂದು ಕಾಪಿ ಹಾಕಿ.